ಹಿತ್ತಲ ಸಾಮಾನು ಪೆಟ್ಟಿಗೆ ಕೆಟ್ಟಿದೆಯಾ? ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಹ್ಯಾಮಕ್, ಕುರ್ಚಿಯ ದಿಂಬು, ನೀರಿನ ಪೈಪು, ಗುದ್ದಲಿ, ಕುಡುಗೋಲು, ಅರ್ಧ ಉಳಿದ ಗೊಬ್ಬರದ ಚೀಲ. ಇವನ್ನೆಲ್ಲ ಇಡೋದಕ್ಕೆ ಮನೆ ಹಿಂದೆಯೋ ಕಾಂಪೌಂಡ್ ಪಕ್ಕದ ಓಣಿಯಲ್ಲೋ ಒಂದು ಪೆಟ್ಟಿಗೆ ಮಾಡಿಸಿರುತ್ತೀರಿ. ಯುಗಾದಿ ತನಕ ಎಲ್ಲ ಚೆನ್ನಾಗಿರುತ್ತದೆ. ಮಳೆ ಹಿಡಿದ ಮೇಲೆ ಒಂದೊಂದೇ ತಕರಾರು ಶುರು. ಬಾಗಿಲು ಕಚ್ಚುತ್ತದೆ, ವಾಸನೆ ಬರುತ್ತದೆ, ಹಗ್ಗ ಕಪ್ಪಾಗುತ್ತದೆ.

ಬೆಂಗಳೂರಿನ ಕತ್ರಿಗುಪ್ಪೆಯ ನಮ್ಮ ಮನೆಯಲ್ಲಿ 6 ಅಡಿ ಉದ್ದ, 3 ಅಡಿ ಆಳದ ಪೆಟ್ಟಿಗೆ ಮಾಡಿಸಿದ್ದೆವು. ಪ್ಲೈವುಡ್ ಗೋಡೆ, ಮೇಲೆ ಬಣ್ಣದ ತಗಡಿನ ಶೀಟು. ಮೊದಲ ಮಳೆಗಾಲದಲ್ಲಿ ಒಳಗೆ ತೇವ ಕಂಡಿತು. ನಾನು ಹಿಂದೆ ಮುಂದೆ ನೋಡದೆ ಸಿಲಿಕೋನ್ ತಂದು ಕಂಡ ಕಂಡ ಸಂದಿಗೆಲ್ಲ ತುಂಬಿದೆ. ಮುಂದಿನ ವರ್ಷದ ಹೊತ್ತಿಗೆ ತಳದ ಪ್ಲೈ ನೆನೆದ ಪುಸ್ತಕದ ಹಾಗೆ ಪದರ ಬಿಚ್ಚಿತ್ತು, ಎರಡು ಹ್ಯಾಮಕ್ ಬಿಸಾಕಬೇಕಾಯಿತು. ಅದರಲ್ಲಿ ಒಂದು ನಮ್ಮತ್ತೆ ಕೈಯಾರೆ ಹೆಣೆದ ಹತ್ತಿ ಹಗ್ಗದ್ದು. ಅವರು ಅದನ್ನು ಜೋಲಿ ಅಂತಲೇ ಕರೆಯುತ್ತಿದ್ದರು. ನೀರು ಹೊರಗಿನಿಂದ ಬಂದೇ ಇರಲಿಲ್ಲ, ಒಳಗೇ ಹುಟ್ಟುತ್ತಿತ್ತು. ನಾನು ಮಾಡಿದ್ದು ಅದು ಹೊರಗೆ ಹೋಗುವ ದಾರಿ ಮುಚ್ಚಿದ್ದು. ಅದಕ್ಕೇ ಈ ಬರಹದ ಉದ್ದಕ್ಕೂ ಒಂದೇ ಮಾತು ಮತ್ತೆ ಮತ್ತೆ ಬರುತ್ತದೆ: ನೀರು ಬಂದ ದಾರಿ ಗೊತ್ತಾಗುವ ತನಕ ಏನನ್ನೂ ಮುಚ್ಚಬೇಡಿ.

ಬಾಗಿಲು ತೆಗೆಯುವ ಮುಂಚೆ

ವಾರಗಟ್ಟಲೆ ಮುಚ್ಚಿಟ್ಟ ಪೆಟ್ಟಿಗೆಗೆ ಸೀದಾ ಕೈ ಹಾಕಬೇಡಿ. ಪಕ್ಕದಲ್ಲಿ ಖಾಲಿ ಸೈಟ್ ಇದ್ದು ಅಲ್ಲಿ ಗಿಡಗಂಟಿ ಬೆಳೆದಿದ್ದರೆ ಇನ್ನೂ ಜಾಸ್ತಿ ಹುಷಾರು. ನಾಗರಹಾವು, ಕೊಳಕುಮಂಡಲ, ಕೇರೆ ಹಾವು ಮೂರೂ ಬೆಂಗಳೂರಿನ ಬಡಾವಣೆಗಳಲ್ಲಿ ಕಾಣಿಸಿಕೊಳ್ಳುತ್ತವೆ. ಇಲಿ ಹುಡುಕಿಕೊಂಡು ಬರುತ್ತವೆ. ಕೋಲಿನಿಂದ ನಾಲ್ಕು ಸಲ ತಟ್ಟಿ, ಪಕ್ಕಕ್ಕೆ ನಿಂತು ಬಾಗಿಲು ತೆಗೆಯಿರಿ. ಟಾರ್ಚ್ ಬಿಟ್ಟು ಮೂಲೆಗಳನ್ನು ನೋಡಿ. ಮಡಿಸಿಟ್ಟ ಹ್ಯಾಮಕ್ ಎತ್ತುವಾಗ ಕೈಗವಸು ಇರಲಿ, ಮಡಿಕೆಯೊಳಗೆ ಚೇಳು ಇರಬಹುದು.

ಹಾವು ಕಂಡರೆ ಹಿಂದೆ ಸರಿದು, ಅದು ಎಲ್ಲಿದೆ ಅನ್ನುವುದನ್ನು ದೂರದಿಂದಲೇ ಗಮನಿಸುತ್ತಾ ಇರಿ, ತರಬೇತಿ ಪಡೆದ ಹಾವು ಹಿಡಿಯುವವರನ್ನು ಕರೆಸಿ. ಅಕಸ್ಮಾತ್ ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕುಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಭಾಗ ಅಲ್ಲಾಡದ ಹಾಗೆ ನೋಡಿಕೊಂಡು ನೇರ ಆಸ್ಪತ್ರೆಗೆ ಹೋಗಿ. ಆಂಬುಲೆನ್ಸ್‌ಗೆ 108.

ಲಕ್ಷಣ: ಮುಗ್ಗಲು ವಾಸನೆ, ಹ್ಯಾಮಕ್ ಮೇಲೆ ಬೂಷ್ಟು

ನೀರು ಎಲ್ಲೂ ಕಾಣಿಸುವುದಿಲ್ಲ. ಆದರೆ ಬಾಗಿಲು ತೆಗೆದರೆ ಹಳೇ ಗೋಣಿಚೀಲದ ವಾಸನೆ. ಇದು ಎಲ್ಲಕ್ಕಿಂತ ಮೊದಲು ಬರುವ ಲಕ್ಷಣ, ಸರಿ ಮಾಡೋದು ಸುಲಭ, ಖರ್ಚೂ ಇಲ್ಲ. ಆದರೆ ಜನ ಇದನ್ನೇ ಜಾಸ್ತಿ ಕಡೆಗಣಿಸುತ್ತಾರೆ. ಒಂದೆರಡು ನುಸಿ ಗುಳಿಗೆ ಇಟ್ಟು ಸುಮ್ಮನಾಗುತ್ತಾರೆ. ನುಸಿ ಗುಳಿಗೆ ಒಂದು ವಾಸನೆಯನ್ನು ಇನ್ನೊಂದು ವಾಸನೆಯಿಂದ ಮುಚ್ಚುತ್ತದೆ, ಅಷ್ಟೇ. ಇದ್ದಿಲು ಇಟ್ಟರೆ ವಾಸನೆ ಸ್ವಲ್ಪ ತಗ್ಗುತ್ತದೆ, ತೇವ ಹಾಗೇ ಇರುತ್ತದೆ.

ಮೊದಲ ಪ್ರಶ್ನೆ ಪೆಟ್ಟಿಗೆಯದ್ದಲ್ಲ, ಹ್ಯಾಮಕ್‌ದು. ಒಳಗಿಡುವಾಗ ನಿಜವಾಗಿಯೂ ಒಣಗಿತ್ತಾ? ಜುಲೈ, ಆಗಸ್ಟ್‌ನಲ್ಲಿ ನಮ್ಮಲ್ಲಿ ಮಳೆ ಧೋ ಅಂತ ಸುರಿಯುವುದಕ್ಕಿಂತ ಮೋಡ, ಗಾಳಿ, ಜಿಟಿಜಿಟಿ ಹನಿ ಜಾಸ್ತಿ. ಬಟ್ಟೆ ಮುಟ್ಟಿದರೆ ಒಣಗಿದ ಹಾಗೆ ಅನಿಸುತ್ತದೆ, ಆದರೆ ದಪ್ಪ ಹಗ್ಗದ ಗಂಟಿನೊಳಗೆ, ಎರಡು ತುದಿಯ ಮರದ ಕೋಲು ಹಾದುಹೋಗುವ ತೂತಿನಲ್ಲಿ ತೇವ ಕೂತಿರುತ್ತದೆ. ಪರೀಕ್ಷೆ ಹೀಗೆ ಮಾಡಿ. ಗಂಟಿರುವ ತುದಿಯನ್ನು ಒಂದು ಪಾರದರ್ಶಕ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ, ಒಂದು ಗಂಟೆ ಬಿಸಿಲಿಗಿಡಿ. ಕವರಿನ ಒಳಮೈಯಲ್ಲಿ ಮಂಜು ಕಟ್ಟಿದರೆ ಒಳಗೆ ನೀರಿದೆ ಅಂತ. ಇನ್ನೊಂದು ದಿನ ಒಣಗಬೇಕು.

ಬೂಷ್ಟು ಆಗಲೇ ಹಿಡಿದಿದ್ದರೆ ಹೊರಗೆ ಬಯಲಲ್ಲಿ ಮಾಸ್ಕ್ ಹಾಕಿಕೊಂಡು ಒಣ ಬ್ರಷ್‌ನಿಂದ ಉಜ್ಜಿ, ಆಮೇಲೆ ಸಾದಾ ಸೋಪಿನ ನೀರಲ್ಲಿ ತೊಳೆದು ಒಳ್ಳೆ ಬಿಸಿಲಿಗೆ ಹಾಕಿ. ಆಸ್ತಮಾ ಇರುವವರು ಈ ಕೆಲಸ ಬೇರೆಯವರಿಗೆ ಬಿಡಿ. ಬ್ಲೀಚ್ ಹಾಕಿದರೆ ಕಲೆ ಹೋಗುತ್ತದೆ ನಿಜ, ಆದರೆ ನೈಲಾನ್ ಹಗ್ಗದ ಬಲವೂ ಹೋಗುತ್ತದೆ. ಬ್ಲೀಚ್ ಜೊತೆ ವಿನೆಗರ್ ಆಗಲಿ ಟಾಯ್ಲೆಟ್ ತೊಳೆಯುವ ಆಸಿಡ್ ಆಗಲಿ ಯಾವತ್ತೂ ಬೆರೆಸಬೇಡಿ. ಕ್ಲೋರಿನ್ ಅನಿಲ ಬರುತ್ತದೆ, ಅದು ಶ್ವಾಸಕೋಶಕ್ಕೆ ವಿಷ.

ಹಗ್ಗ ಗಟ್ಟಿ ಇದೆಯಾ ಅಂತ ನೋಡುವುದು ಹೊರಗಿನ ಬಣ್ಣದಿಂದ ಅಲ್ಲ. ಎರಡು ಹೆಬ್ಬೆರಳಿಂದ ಹುರಿಯನ್ನು ಹಿಂದಕ್ಕೆ ತಿರುಚಿ, ಎಳೆಗಳು ಬಿಚ್ಚಿಕೊಂಡಾಗ ಒಳಗೆ ನೋಡಿ. ಒಳಗೆ ಬಿಳಿಯಾಗಿ, ಒಣಗಿ, ಎಳೆ ಎಳೆಯಾಗಿದ್ದರೆ ಪರವಾಗಿಲ್ಲ. ಒಳಗೂ ಕಪ್ಪು, ಅಥವಾ ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ ಅಂದರೆ ಆ ಹ್ಯಾಮಕ್ ಮೇಲೆ ಇನ್ನು ಯಾರೂ ಮಲಗಬಾರದು. ಮಕ್ಕಳಂತೂ ಬೇಡವೇ ಬೇಡ. ನಮ್ಮತ್ತೆಯ ಜೋಲಿಯ ಹಗ್ಗ ಹೊರಗಿಂದ ಬರೀ ಮಾಸಿದ ಹಾಗೆ ಕಾಣುತ್ತಿತ್ತು. ತಿರುಚಿದರೆ ಕೈಗೆ ಕಾಫಿ ಪುಡಿಯಂಥ ಪುಡಿ ಬಂತು.

ಹ್ಯಾಮಕ್ ಒಣಗಿಸಿಯೇ ಇಟ್ಟರೂ ವಾಸನೆ ಬರುತ್ತಿದ್ದರೆ ಪೆಟ್ಟಿಗೆಗೆ ಉಸಿರಾಡಲು ಜಾಗ ಇಲ್ಲ. ಒಂದು ಪಕ್ಕದಲ್ಲಿ ತಳಕ್ಕೆ ಹತ್ತಿರ, ಎದುರು ಪಕ್ಕದಲ್ಲಿ ಮೇಲ್ಗಡೆ, ಹೀಗೆ ಎರಡು ಕಿಂಡಿ ಬೇಕು. ಎರಡೂ ಮೇಲೇ ಇದ್ದರೆ ಗಾಳಿ ಆಡುವುದಿಲ್ಲ. ಕಿಂಡಿಗೆ 6 ಮಿಲಿಮೀಟರ್‌ಗಿಂತ ದೊಡ್ಡ ಕಣ್ಣಿಲ್ಲದ ತಂತಿ ಜಾಲರಿ ಹೊಡೆಯಿರಿ, ಇಲ್ಲದಿದ್ದರೆ ಚಿಕ್ಕ ಇಲಿ ತೂರುತ್ತದೆ. ಮೇಲಿನ ಕಿಂಡಿಯ ಮೇಲೆ ಚಿಕ್ಕ ತಗಡಿನ ಸೂರು ಇರಲಿ. ಹ್ಯಾಮಕ್ ಮಡಿಸಿ ತಳದಲ್ಲಿ ಪೇರಿಸಬೇಡಿ, ಒಳಗೆ ಮೊಳೆಗೆ ನೇತುಹಾಕಿ.

ಲಕ್ಷಣ: ಒಳಗೆ ನಿಜವಾಗಿಯೂ ನೀರು

ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಮಲೆನಾಡಿಗೆ ಹೋಲಿಸಿದರೆ ಏನೂ ಅಲ್ಲ. ಆದರೆ ಏಪ್ರಿಲ್‌ನಿಂದ ನವೆಂಬರ್ ತನಕ ಹರಡಿಕೊಂಡಿದೆ, ಗಾಳಿಯ ದಿಕ್ಕೂ ಬದಲಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ಗೆ ಗಾಳಿ ಪಶ್ಚಿಮದ ಕಡೆಯಿಂದ. ಅಕ್ಟೋಬರ್ ನಂತರ ಈಶಾನ್ಯದಿಂದ. ಹೀಗಾಗಿ ಆಗಸ್ಟ್‌ನಲ್ಲಿ ಒಂದು ಹನಿಯೂ ಬರದ ಪೆಟ್ಟಿಗೆ ದೀಪಾವಳಿ ಹೊತ್ತಿಗೆ ನೆನೆಯುವುದು ವಿಚಿತ್ರವೇನಲ್ಲ. ನೀರು ಯಾವ ತಿಂಗಳಲ್ಲಿ ಬಂತು ಅನ್ನುವುದೇ ಮೊದಲ ಸುಳಿವು.

ಎರಡನೇ ಸುಳಿವಿಗೆ ಹಳೇ ದಿನಪತ್ರಿಕೆ ಸಾಕು. ಸಾಮಾನೆಲ್ಲ ಹೊರಗಿಟ್ಟು ತಳಕ್ಕೆ ಪೇಪರ್ ಹಾಸಿ, ಗೋಡೆಗಳಿಗೂ ಒಳಗಿನಿಂದ ಒಂದೊಂದು ಹಾಳೆ ಅಂಟಿಸಿ. ಒಂದು ಮಳೆ ಆದ ಮೇಲೆ ತೆಗೆದು ನೋಡಿ. ನೀರು ಬರೆದಿಟ್ಟು ಹೋಗಿರುತ್ತದೆ.

ತಳದ ಪೇಪರ್ ಮೇಲೆ ದುಂಡಗೆ ಹನಿಯ ಕಲೆಗಳಿದ್ದರೆ ಮೇಲಿನಿಂದ ಸೋರುತ್ತಿದೆ. ಕಲೆಯ ನೇರಕ್ಕೆ ಮೇಲೆ ನೋಡಿ, ಅಲ್ಲೊಂದು ಸ್ಕ್ರೂ ಇರುವ ಸಾಧ್ಯತೆ ಜಾಸ್ತಿ. ಶೀಟಿನ ಸ್ಕ್ರೂ ಕೆಳಗೆ ಕಪ್ಪು ರಬ್ಬರ್ ವಾಷರ್ ಇರುತ್ತದೆ. ಅದು ಬಿರುಕು ಬಿಟ್ಟಿದ್ದರೆ, ಅಥವಾ ಮೆಷಿನ್‌ನಿಂದ ಅತಿಯಾಗಿ ಬಿಗಿದು ಪಕ್ಕಕ್ಕೆ ಉಬ್ಬಿ ಬಂದಿದ್ದರೆ ನೀರು ಅಲ್ಲೇ ಇಳಿಯುತ್ತದೆ. ಸ್ಕ್ರೂ ಬದಲಿಸಿ, ವಾಷರ್ ಒತ್ತಿ ಕೂರುವಷ್ಟು ಮಾತ್ರ ಬಿಗಿಯಿರಿ. ಸ್ಕ್ರೂ ಶೀಟಿನ ಏಣಿನ ಮೇಲೆ ಇರಬೇಕು, ನೀರು ಹರಿಯುವ ತಗ್ಗಿನಲ್ಲಿ ಅಲ್ಲ. ಎಸ್‌.ಪಿ. ರಸ್ತೆಯಲ್ಲಾಗಲಿ ನಿಮ್ಮ ಏರಿಯಾದ ಹಾರ್ಡ್‌ವೇರ್ ಅಂಗಡಿಯಲ್ಲಾಗಲಿ ವಾಷರ್ ಸಮೇತ ಸಿಗುತ್ತವೆ, ಇಡೀ ಪೆಟ್ಟಿಗೆಗೆ ಬೇಕಾಗುವುದು ಮೂವತ್ತೋ ನಲವತ್ತೋ. ಇಳಿಜಾರು ಕೂಡ ಅಳೆದು ನೋಡಿ. 3 ಅಡಿ ಆಳಕ್ಕೆ ಕಡೇಪಕ್ಷ 4 ಇಂಚು ಇಳಿಜಾರು ಬೇಕು. ಗುಲ್‌ಮೊಹರ್, ಮಳೆಮರದ ಕೆಳಗಿದ್ದರೆ ಆ ಪುಟ್ಟ ಪುಟ್ಟ ಎಲೆಗಳು ಶೀಟಿನ ತಗ್ಗಿನಲ್ಲಿ ಕೂತು ಅಣೆಕಟ್ಟು ಕಟ್ಟುತ್ತವೆ, ನೀರು ಹಿಂದಕ್ಕೆ ನುಗ್ಗುತ್ತದೆ. ಅದಕ್ಕೆ ಒಂದು ಪೊರಕೆ ಸಾಕು.

ತಗಡು ಹತ್ತುವ ಮುಂಚೆ ಒಂದು ಮಾತು. ಪೆಟ್ಟಿಗೆಯ ಮೇಲೆ ನಿಲ್ಲಬೇಡಿ, ಗಟ್ಟಿ ಏಣಿ ಬಳಸಿ. ಮೇಲೆ ವಿದ್ಯುತ್ ತಂತಿ ಹಾದುಹೋಗಿದ್ದರೆ ಉದ್ದದ ಶೀಟು ಎತ್ತುವ ಕೆಲಸ ನೀವು ಮಾಡಲೇಬೇಡಿ. ಹಳೇ ಮನೆಯ ಆಸ್‌ಬೆಸ್ಟಾಸ್ ಶೀಟನ್ನು ಹಾಕಿಸಿದ್ದರೆ ಅದನ್ನು ಕೊಯ್ಯುವುದು, ತೂತು ಹೊಡೆಯುವುದು, ಒಡೆಯುವುದು ಬೇಡ. ಆ ಧೂಳು ವರ್ಷಗಳ ನಂತರವೂ ಶ್ವಾಸಕೋಶಕ್ಕೆ ಕ್ಯಾನ್ಸರ್ ತರಬಲ್ಲದು.

ಗೋಡೆಯ ಹಾಳೆ ಒದ್ದೆಯಾಗಿ ಗೆರೆ ಗೆರೆ ಇಳಿದಿದ್ದರೆ ಅದು ಎರಚಲು. ಬಾಗಿಲಿನ ಸಂದಿಯಿಂದಲೋ ಹಲಗೆಗಳ ನಡುವಿನಿಂದಲೋ ಗಾಳಿ ನೀರನ್ನು ಒಳಗೆ ನೂಕುತ್ತಿದೆ. ಇದಕ್ಕೆ ಸಂದಿ ಮುಚ್ಚುವುದಕ್ಕಿಂತ ಸೂರು ಉದ್ದ ಮಾಡುವುದು ಒಳ್ಳೆಯದು. ಶೀಟು ಬಾಗಿಲಿನಿಂದ 4 ಇಂಚಾದರೂ ಮುಂದೆ ಚಾಚಿರಲಿ. ಎರಡು ಬಾಗಿಲು ಸೇರುವ ಕಡೆ ಒಂದಕ್ಕೆ ಮರದ ಪಟ್ಟಿ ಹೊಡೆಸಿ.

ಪೇಪರಿನ ಅಂಚು ಮಾತ್ರ ಒದ್ದೆ, ನಡುವೆ ಒಣಗಿದೆ, ಅಂಚಿನಲ್ಲಿ ಕೆಮ್ಮಣ್ಣಿನ ಕಲೆ ಇದೆ ಅಂದರೆ ನೀರು ಕೆಳಗಿನಿಂದ ಬಂದಿದೆ. ಮಳೆ ನೆಲಕ್ಕೆ ಬಿದ್ದು ಸಿಡಿಯುತ್ತಿದೆ, ಅಥವಾ ಓಣಿಯಲ್ಲಿ ಹರಿಯುವ ನೀರು ತಳ ಮುಟ್ಟುತ್ತಿದೆ. ಪೆಟ್ಟಿಗೆಯನ್ನು ಸೈಜ್‌ಕಲ್ಲು ಅಥವಾ ಸಿಮೆಂಟ್ ಇಟ್ಟಿಗೆಯ ಮೇಲೆ 4ರಿಂದ 6 ಇಂಚು ಎತ್ತಿ ಕೂರಿಸಿ, ಮರದ ಕಾಲಿನ ಕೆಳಗೆ ಕಡಪ ಕಲ್ಲಿನ ತುಂಡು ಇಡಿ. ಮರ ಮಣ್ಣಿಗೆ ತಾಗಬಾರದು.

ಇಷ್ಟರಲ್ಲಿ ಯಾವುದೂ ಸ್ಪಷ್ಟವಾಗದಿದ್ದರೆ ನೀರು ಹೊಯ್ದು ಪರೀಕ್ಷೆ ಮಾಡಬೇಕು. ಒಬ್ಬರು ಒಳಗೆ ಟಾರ್ಚ್ ಹಿಡಿದು ನೋಡಬೇಕು, ಇನ್ನೊಬ್ಬರು ಹೊರಗಿನಿಂದ ಹೊಯ್ಯಬೇಕು. ಯಾವಾಗಲೂ ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಿ, ಒಂದೊಂದು ಕಡೆ ಐದು ನಿಮಿಷ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಸಂದಿಯ ಮೇಲೂ ಹರಿದು ಯಾವುದರಿಂದ ಒಳಗೆ ಬಂತು ಅಂತ ಗೊತ್ತೇ ಆಗುವುದಿಲ್ಲ. ಇದಕ್ಕೆ ಕಾವೇರಿ ನೀರು ಬಳಸಬೇಡಿ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಾಡಿ ತೊಳೆಯಲು, ತೋಟಕ್ಕೆ ಹಾಕಲು ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿದ್ದು, ಆ ಬೇಸಿಗೆ ನಾವು ಬಿಂದಿಗೆ ಎಣಿಸಿ ಬದುಕಿದ್ದು ಮರೆಯುವ ಹಾಗಿಲ್ಲ. ನೀರು ಶುದ್ಧ ಮಾಡುವ ಮೆಷಿನ್‌ನಿಂದ ಹೊರಹೋಗುವ ನೀರನ್ನು ಎರಡು ದಿನ ಬಕೆಟ್‌ನಲ್ಲಿ ಹಿಡಿದಿಟ್ಟರೆ ಬೇಕಾದಷ್ಟಾಯಿತು. ಗಿಡಕ್ಕೆ ಹಾಕುವ ಝರಿ ಕ್ಯಾನ್ ಇದ್ದರೆ ಪೈಪೂ ಬೇಡ.

ಮಳೆಯೇ ಇಲ್ಲದ ದಿನ ತಳ ಒದ್ದೆಯಾಗುತ್ತಿದ್ದರೆ? ಕಾವೇರಿ ನೀರು ಬಿಡುವ ದಿನದ ಲೆಕ್ಕ ಹಾಕಿ. ನೀರು ಬಂದ ದಿನ ಮಾತ್ರ ತೇವ ಕಂಡರೆ ಸಂಪು ತುಂಬಿ ಹರಿಯುತ್ತಿದೆ, ಅಥವಾ ಮೇಲಿನ ಟ್ಯಾಂಕಿನ ಓವರ್‌ಫ್ಲೋ ಪೈಪು ನಿಮ್ಮ ಪೆಟ್ಟಿಗೆ ಪಕ್ಕದಲ್ಲೇ ಸುರಿಯುತ್ತಿದೆ. ದಿನವೂ ತೇವ ಇದ್ದು ಮನೆ ಗೋಡೆಯೂ ಥಂಡಿ ಹಿಡಿದಿದ್ದರೆ ಗೋಡೆಯೊಳಗಿನ ಪೈಪು ಒಡೆದಿರಬಹುದು. ಅಲ್ಲಿಗೆ ಪೆಟ್ಟಿಗೆಯ ಕೆಲಸ ನಿಲ್ಲಿಸಿ ಪ್ಲಂಬರ್‌ಗೆ ಫೋನ್ ಮಾಡಿ.

ಲಕ್ಷಣ: ಚಳಿಗಾಲದ ಬೆಳಗ್ಗೆ ತಗಡಿನ ಒಳಮೈಯಲ್ಲಿ ಹನಿ

ನನ್ನನ್ನು ದಾರಿ ತಪ್ಪಿಸಿದ್ದು ಇದೇ. ಒಂದು ಜನವರಿ ಬೆಳಗ್ಗೆ ಆರೂವರೆಗೆ, ವಾರದಿಂದ ಒಂದು ಹನಿ ಮಳೆ ಇಲ್ಲ, ಟಾರ್ಚ್ ಹಿಡಿದು ಬಾಗಿಲು ತೆಗೆದೆ. ತಗಡಿನಿಂದ ಒಳಗೆ ಇಳಿದಿದ್ದ ಪ್ರತಿ ಸ್ಕ್ರೂ ಮೊನೆಯ ತುದಿಯಲ್ಲೂ ಒಂದೊಂದು ಹನಿ ನೇತಾಡುತ್ತಿತ್ತು. ಸಾಲಾಗಿ, ಎಲ್ಲ ಒಂದೇ ಗಾತ್ರ. ನೋಡುತ್ತಿದ್ದಂತೆ ಒಂದು ಹನಿ ದಪ್ಪಗಾಗಿ ಕೆಳಗಿದ್ದ ದಿಂಬಿನ ಮೇಲೆ ಬಿತ್ತು. ಸೋರುವ ಮಾಡು ಹೀಗೆ ಸಾಲಾಗಿ ಸೋರುವುದಿಲ್ಲ. ಸ್ಕ್ರೂಗಳಿಗೆಲ್ಲ ಸಿಲಿಕೋನ್ ಮೆತ್ತಿದ್ದು ದಂಡ ಅಂತ ಆಗ ಅರ್ಥವಾಯಿತು.

ಕಾರಣ ಸರಳ. ಡಿಸೆಂಬರ್, ಜನವರಿಯಲ್ಲಿ ರಾತ್ರಿ ಇಲ್ಲಿ 15-16 ಡಿಗ್ರಿಗೆ ಇಳಿಯುತ್ತದೆ. ಬಯಲಿಗೆ ತೆರೆದ ತಗಡು ಗಾಳಿಗಿಂತಲೂ ಬೇಗ ತಣ್ಣಗಾಗುತ್ತದೆ. ಒಳಗಿನ ಒದ್ದೆ ಗುದ್ದಲಿ, ಪೈಪಿನಲ್ಲಿ ಉಳಿದ ನೀರು, ಹಸಿ ಮಣ್ಣು ಮೆತ್ತಿದ ಕುಂಡ, ಇವುಗಳ ತೇವ ಹಗಲಲ್ಲಿ ಆವಿಯಾಗಿ ಒಳಗೇ ಉಳಿದಿರುತ್ತದೆ. ರಾತ್ರಿ ತಣ್ಣನೆ ತಗಡಿಗೆ ತಾಗಿ ಹನಿಯಾಗುತ್ತದೆ. ಸಂದಿ ಮುಚ್ಚಿದಷ್ಟೂ ಇದು ಜಾಸ್ತಿಯಾಗುತ್ತದೆ.

ಪರಿಹಾರವನ್ನೂ ಅಗ್ಗದ್ದರಿಂದಲೇ ಶುರು ಮಾಡಿ. ಪೈಪಿನ ನೀರು ಪೂರ್ತಿ ಬಸಿದು ಇಡಿ. ಕುಂಡಗಳು ಹೊರಗೇ ಇರಲಿ. ಮೇಲೆ ಹೇಳಿದ ಎರಡು ಕಿಂಡಿ ಮಾಡಿಸಿ. ಒಂದು ವಾರ ನೋಡಿ. ಆಗಲೂ ಹನಿ ನಿಲ್ಲದಿದ್ದರೆ ತಗಡಿನ ಕೆಳಗೆ ಫೋಮ್ ಹಾಳೆ ಅಂಟಿಸಬೇಕು, ತಗಡಿಗೂ ಒಳಗಿನ ಗಾಳಿಗೂ ನೇರ ಸಂಪರ್ಕ ತಪ್ಪುತ್ತದೆ. ನಮ್ಮ ಮನೆಯಲ್ಲಿ ಕಿಂಡಿಯಿಂದಲೇ ಮುಕ್ಕಾಲು ಪಾಲು ಸರಿಹೋಯಿತು.

ಲಕ್ಷಣ: ಬಾಗಿಲು ಕಚ್ಚುತ್ತದೆ, ಚಿಲಕ ಕೂರುವುದಿಲ್ಲ

ತಕ್ಷಣ ಬಡಗಿಯನ್ನು ಕರೆಸಿ ಅಂಚು ಕೀಸಿಸಬೇಡಿ. ಮೊದಲು ಬಾಗಿಲು ಮುಚ್ಚಿ ಸುತ್ತಲಿನ ಸಂದಿಯನ್ನು ಕಣ್ಣಿಟ್ಟು ನೋಡಿ.

ಸಂದಿ ಎಲ್ಲ ಕಡೆ ಒಂದೇ ಸಮ ಬಿಗಿಯಾಗಿದ್ದರೆ ಮರ ನೀರು ಕುಡಿದು ಉಬ್ಬಿದೆ. ಇದು ಕಾಲದ ತೊಂದರೆ. ಆಗಸ್ಟ್‌ನಲ್ಲಿ ಕೀಸಿದರೆ ಮಾರ್ಚ್‌ನಲ್ಲಿ ಅರ್ಧ ಬೆರಳು ತೂರುವಷ್ಟು ಸಂದಿ ಬಿಡುತ್ತದೆ. ಸಾಧ್ಯವಾದರೆ ಫೆಬ್ರವರಿ ತನಕ ತಡೆಯಿರಿ. ಅಲ್ಲಿಯವರೆಗೆ ಉಜ್ಜುವ ಜಾಗಕ್ಕೆ ಮೇಣದಬತ್ತಿ ತಿಕ್ಕಿ. ಒಣಗಿದ ಮೇಲೆ ಬಾಗಿಲು ಕಳಚಿ ನಾಲ್ಕೂ ಅಂಚಿಗೆ, ಅದರಲ್ಲೂ ಯಾರೂ ನೋಡದ ಕೆಳ ಅಂಚಿಗೆ, ಪ್ರೈಮರ್ ಮತ್ತು ಎರಡು ಕೋಟ್ ಎನಾಮೆಲ್ ಹೊಡೆಯಿರಿ. ನೀರು ನುಗ್ಗುವುದು ಹೆಚ್ಚಾಗಿ ಅಲ್ಲಿಂದಲೇ.

ಸಂದಿ ಓರೆಯಾಗಿದ್ದರೆ, ಅಂದರೆ ಚಿಲಕದ ಕಡೆ ಮೇಲೆ ಅಗಲ, ಕೆಳಗೆ ಮೂಲೆ ಉಜ್ಜುತ್ತಿದೆ ಅಂದರೆ ಬಾಗಿಲು ಜೋತುಬಿದ್ದಿದೆ. ಬಾಗಿಲನ್ನು ಹಿಡಿಯಿಂದ ಮೇಲಕ್ಕೆ ಎತ್ತಿ ನೋಡಿ. ಮೇಲಿನ ಹಿಂಜಸ್ ಅಲ್ಲಾಡಿದರೆ ಸ್ಕ್ರೂ ಸಡಿಲ. ಸ್ಕ್ರೂ ತಿರುಗುತ್ತಲೇ ಇದ್ದು ಹಿಡಿಯದಿದ್ದರೆ ಬಿದಿರಿನ ಕಡ್ಡಿಗೆ ಫೆವಿಕಾಲ್ ಹಚ್ಚಿ ತೂತಿಗೆ ಬಡಿದು, ಒಣಗಿದ ಮೇಲೆ ಮತ್ತೆ ಸ್ಕ್ರೂ ಹಾಕಿ, ಅಥವಾ ಉದ್ದನೆಯ ಸ್ಕ್ರೂ ಬಳಸಿ.

ಹಿಂಜಸ್ ಗಟ್ಟಿ ಇದ್ದೂ ಜೋತಿದ್ದರೆ ಬಾಗಿಲ ಹಿಂದಿನ ಓರೆ ಪಟ್ಟಿ ನೋಡಿ. ಅದು ಹಿಂಜಸ್ ಕಡೆಯ ಕೆಳ ಮೂಲೆಯಿಂದ ಹೊರಟು ಚಿಲಕದ ಕಡೆಯ ಮೇಲ್ಮೂಲೆಗೆ ಹೋಗಿರಬೇಕು. ಹಾಗಿದ್ದರೆ ಬಾಗಿಲಿನ ಭಾರ ಪಟ್ಟಿಯ ಮೂಲಕ ಕೆಳಗಿನ ಹಿಂಜಸ್‌ಗೆ ಒತ್ತಿಕೊಳ್ಳುತ್ತದೆ. ಎಷ್ಟೋ ಪೆಟ್ಟಿಗೆಗಳಲ್ಲಿ ಇದನ್ನು ತಿರುಗಾಮುರುಗಾ ಹೊಡೆದಿರುತ್ತಾರೆ. ಆಗ ಪಟ್ಟಿ ಭಾರ ಹೊರುವ ಬದಲು ಮೊಳೆಗಳನ್ನು ಕಿತ್ತುಕೊಳ್ಳುತ್ತಾ ಬರುತ್ತದೆ. ಪಟ್ಟಿ ಬಿಚ್ಚಿ ಸರಿಯಾದ ದಿಕ್ಕಿಗೆ ಹೊಡೆದರೆ ಮುಗಿಯಿತು, ಅರ್ಧ ಗಂಟೆಯ ಕೆಲಸ.

ಇದ್ಯಾವುದೂ ಅಲ್ಲದಿದ್ದರೆ ಚೌಕಟ್ಟೇ ಓರೆಯಾಗಿದೆ. ಟೇಪ್ ಹಿಡಿದು ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಎರಡು ಅಳತೆ ಒಂದೇ ಇರಬೇಕು. 5-6 ಮಿಲಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಬಾಗಿಲು ಬಿಟ್ಟು ತಳ ನೋಡಿ.

ಲಕ್ಷಣ: ಪೆಟ್ಟಿಗೆ ವಾಲಿದೆ, ತಳ್ಳಿದರೆ ಅಲ್ಲಾಡುತ್ತದೆ

ರಸಮಟ್ಟ ಇಟ್ಟು ನೋಡಿ. ಒಂದು ಕಾಲು ಮಾತ್ರ ಕುಸಿದಿದ್ದರೆ ಅಲ್ಲಿ ಮಣ್ಣು ಗಟ್ಟಿಯಿಲ್ಲ. ಪೈಪಿಗೋ ಚರಂಡಿಗೋ ಅಗೆದು ಮುಚ್ಚಿದ ಜಾಗ ಎರಡು ಮೂರು ಮಳೆಗಾಲ ಕುಸಿಯುತ್ತಲೇ ಇರುತ್ತದೆ. ಸಾಮಾನು ಖಾಲಿ ಮಾಡಿ, ಕಾಲು ಎತ್ತಿ, ಜಲ್ಲಿ ತುಂಬಿ ದಿಮ್ಮಿಸಿ ಅಗಲವಾದ ಕಲ್ಲು ಕೂರಿಸಿ. ಎತ್ತುವಾಗ ಇಬ್ಬರಿರಬೇಕು, ಕೆಳಗೆ ಕೈ ತೂರಿಸಬಾರದು.

ಪೆಟ್ಟಿಗೆ ಒಂದೇ ದಿಕ್ಕಿಗೆ ವಾಲಿದೆ, ಆ ದಿಕ್ಕಿನಲ್ಲೇ ಒಂದು ಕೊಕ್ಕೆ ಇದೆ, ಅದಕ್ಕೆ ಹ್ಯಾಮಕ್‌ನ ಒಂದು ತುದಿ ಕಟ್ಟುತ್ತಿದ್ದೀರಿ ಅಂದರೆ ಕಾರಣ ಹುಡುಕಬೇಕಾಗಿಲ್ಲ. ದಯವಿಟ್ಟು ಇವತ್ತೇ ಬಿಚ್ಚಿ. 70 ಕೆಜಿಯ ಮನುಷ್ಯ ಮಲಗಿದಾಗ ಹಗ್ಗ ಅಡ್ಡಗೆರೆಯಿಂದ 30 ಡಿಗ್ರಿ ಇಳಿದಿದ್ದರೆ ಒಂದೊಂದು ತುದಿಯ ಮೇಲೂ ಸುಮಾರು 70 ಕೆಜಿ ಎಳೆತ ಬೀಳುತ್ತದೆ. ಹಗ್ಗ ಬಿಗಿಯಾಗಿ ಕಟ್ಟಿ 15 ಡಿಗ್ರಿಗೆ ಬಂದರೆ ಅದೇ ಎಳೆತ 135 ಕೆಜಿ ಆಗುತ್ತದೆ, ಅದೂ ಹೆಚ್ಚಿನ ಪಾಲು ಪಕ್ಕಕ್ಕೆ. ಸಾಮಾನು ಇಡೋದಕ್ಕೆ ಮಾಡಿದ ಪೆಟ್ಟಿಗೆ ಅದನ್ನು ತಡೆಯುವುದಿಲ್ಲ. ಬಿದ್ದರೆ ಮಲಗಿದವರ ಮೇಲೇ ಬೀಳುತ್ತದೆ. ಕಾಂಪೌಂಡ್ ಗೋಡೆಯ ಇಟ್ಟಿಗೆಗೆ ಕೊಕ್ಕೆ ಹೊಡೆದಿದ್ದರೂ ಅದೇ ಮಾತು. ಗಟ್ಟಿ ಮರ ಇಲ್ಲವೇ ಕಾಂಕ್ರೀಟ್ ಕಂಬ, ಇವೆರಡೇ ಸರಿ. ಪಿಲ್ಲರ್‌ಗೆ ಕೊಕ್ಕೆ ಹಾಕಿಸುವಾಗ ಎಂಜಿನಿಯರ್ ಅಥವಾ ಅನುಭವಿ ಮೇಸ್ತ್ರಿಯನ್ನು ಕೇಳಿ.

ಮೇ ತಿಂಗಳ ಗಾಳಿಮಳೆಯಲ್ಲಿ ಶೀಟು ಪಟಪಟ ಬಡಿದುಕೊಳ್ಳುತ್ತಿದ್ದರೆ ಅಂಚಿನ ಸ್ಕ್ರೂಗಳು ಸಡಿಲ ಅಂತ ಅರ್ಥ. ಗಾಳಿ ನಿಂತ ಮೇಲೆ ನೋಡಿ. ಗಾಳಿಯಲ್ಲಿ ತಗಡು ಹಿಡಿಯಲು ಹೋಗಬೇಡಿ, ಅದು ಕತ್ತಿಯ ಹಾಗೆ ಕುಯ್ಯುತ್ತದೆ.

ಲಕ್ಷಣ: ಮಣ್ಣಿನ ಗೆರೆ, ಅಥವಾ ಹಿಟ್ಟಿನಂಥ ಪುಡಿ

ಕಾಲಿನ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಹತ್ತಿದೆಯಾ? ಗೆದ್ದಲು. ಅದನ್ನು ಒಂದು ಇಂಚು ಕೆರೆದು ಎರಡು ದಿನ ಬಿಡಿ. ಮತ್ತೆ ಹಸಿ ಮಣ್ಣಿನಿಂದ ಕಟ್ಟಿದ್ದರೆ ಒಳಗೆ ಜೀವಂತ ಇವೆ. ಕಟ್ಟಿಲ್ಲ ಅಂದ ಮಾತ್ರಕ್ಕೆ ಹೋಗಿವೆ ಅಂತಲ್ಲ, ಇನ್ನೊಂದು ಕಡೆಯಿಂದ ಹತ್ತಿರಬಹುದು. ಮೊದಲ ಮಳೆಯ ಸಂಜೆ ದೀಪಕ್ಕೆ ಈಸಲು ಹುಳು ಮುತ್ತುವುದು ಎಲ್ಲ ಕಡೆ ಇದ್ದದ್ದೇ. ಆದರೆ ಪೆಟ್ಟಿಗೆಯ ಒಳಗೇ ಉದುರಿದ ರೆಕ್ಕೆಗಳ ರಾಶಿ ಕಂಡರೆ ಗೂಡು ಹತ್ತಿರದಲ್ಲೇ ಇದೆ.

ಸೂಜಿ ಮೊನೆಯಷ್ಟು ತೂತು, ಕೆಳಗೆ ಮೈದಾ ಹಿಟ್ಟಿನಂಥ ಪುಡಿ ಇದ್ದರೆ ಅದು ಕುಟ್ಟೆ ಹುಳ. ಮಣ್ಣಿಗೂ ಇದಕ್ಕೂ ಸಂಬಂಧ ಇಲ್ಲ, ಮರದ ಜೊತೆಯೇ ಬಂದಿರುತ್ತದೆ. ಹಿಡಿದ ಹಲಗೆ ಒಂದೆರಡೇ ಆದರೆ ಅವನ್ನೇ ಬದಲಿಸುವುದು ಎಲ್ಲಕ್ಕಿಂತ ನಿಶ್ಚಿಂತೆ.

ಗೆದ್ದಲಿಗೆ ಸೀಮೆಎಣ್ಣೆ ಸುರಿಯುವುದು ಹಳೇ ರೂಢಿ. ಗೂಡು ಮಣ್ಣಿನೊಳಗೆ ಇರುವಾಗ ಮೇಲೆ ಸುರಿದು ಪ್ರಯೋಜನವಿಲ್ಲ, ಜೊತೆಗೆ ಬೆಂಕಿಯ ಅಪಾಯ. ಗೆರೆ ಮನೆಯ ಗೋಡೆಗೂ ಹತ್ತಿದ್ದರೆ ಪೆಟ್ಟಿಗೆಯನ್ನು ಮರೆತು ಗೆದ್ದಲು ಚಿಕಿತ್ಸೆ ಮಾಡುವವರನ್ನು ಕರೆಸಿ. ಸಂಪು, ಬೋರ್‌ವೆಲ್ ಎಲ್ಲಿದೆ ಅಂತ ಅವರಿಗೆ ಮೊದಲೇ ತೋರಿಸಿ, ಔಷಧ ನೀರಿಗೆ ಸೇರಬಾರದು.

ಲಕ್ಷಣ: ತುಕ್ಕು ಒಂದೇ ಮೂಲೆಯಲ್ಲಿ

ಎಲ್ಲ ಕಡೆ ತೆಳುವಾಗಿ ತುಕ್ಕು ಹಿಡಿದಿದ್ದರೆ ತೇವದ ಕತೆ, ಮೇಲೆ ಹೇಳಿಯಾಯಿತು. ಒಂದೇ ಮೂಲೆಯ ಹಿಂಜಸ್, ಕತ್ತರಿ ಮಾತ್ರ ಜೋರಾಗಿ ತುಕ್ಕು ಹಿಡಿದಿದ್ದರೆ ಅಲ್ಲಿ ಏನಿಟ್ಟಿದ್ದೀರಿ ನೋಡಿ. ಸಾಮಾನ್ಯವಾಗಿ ಬ್ಲೀಚಿಂಗ್ ಪೌಡರ್ ಇಲ್ಲವೇ ಗೊಬ್ಬರದ ಚೀಲ ಇರುತ್ತದೆ. ಬ್ಲೀಚಿಂಗ್ ಪೌಡರ್‌ನಿಂದ ಬರುವ ಆವಿ ಕಬ್ಬಿಣವನ್ನು ತಿನ್ನುತ್ತದೆ. ಅದನ್ನು ಪೆಟ್ರೋಲ್, ಗೊಬ್ಬರ, ಆಸಿಡ್ ಯಾವುದರ ಜೊತೆಗೂ ಇಡಬಾರದು, ಬೇರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೇರೆ ಜಾಗಕ್ಕೆ ಸಾಗಿಸಿ.

ಲಕ್ಷಣ: ಕಡಿದ ಹಗ್ಗ, ಹಿಕ್ಕೆ

ಇಲಿ ಹ್ಯಾಮಕ್‌ನ ಎಳೆ ಕಿತ್ತು ಗೂಡು ಮಾಡುತ್ತದೆ. ಹೆಗ್ಗಣ ಆದರೆ ಕೆಳಗಿನಿಂದ ಮಣ್ಣು ತೋಡಿ ತಳವನ್ನೇ ಕಡಿಯುತ್ತದೆ, ಗುಡ್ಡೆ ಹಾಕಿದ ಮಣ್ಣು ಅದರ ಗುರುತು. ಹಿಕ್ಕೆಯನ್ನು ಒಣಗಿದ ಹಾಗೇ ಗುಡಿಸಬೇಡಿ. ಕೈಗವಸು, ಮಾಸ್ಕ್ ಹಾಕಿ, ಸೋಂಕುನಾಶಕ ಚಿಮುಕಿಸಿ ನೆನೆದ ಮೇಲೆ ಪೇಪರಿನಿಂದ ತೆಗೆಯಿರಿ. ಇಲಿ ಮೂತ್ರದಿಂದ ಇಲಿಜ್ವರ ಬರುತ್ತದೆ, ಕೈಕಾಲಿಗೆ ಗಾಯ ಇದ್ದರೆ ಇನ್ನೂ ಎಚ್ಚರ. ಆಮೇಲೆ ಜ್ವರ, ಮೈಕೈ ನೋವು ಬಂದರೆ ಡಾಕ್ಟರಿಗೆ ಈ ವಿಷಯ ಹೇಳಿ. ಒಂದೇ ಒಂದು ಹುರಿ ಕಡಿದಿದ್ದರೂ ಆ ಹ್ಯಾಮಕ್‌ಗೆ ಗಂಟು ಹಾಕಿ ಮತ್ತೆ ಬಳಸಬೇಡಿ.

ಲಕ್ಷಣ: ಮುಟ್ಟಿದರೆ ಜುಂ ಅನ್ನುತ್ತದೆ

ಒಳಗೆ ಬಲ್ಬ್, ಪ್ಲಗ್, ಹುಲ್ಲು ಕತ್ತರಿಸುವ ಮೆಷಿನ್‌ನ ಚಾರ್ಜರ್ ಇರುವ ಪೆಟ್ಟಿಗೆಗಳಲ್ಲಿ ಇದು ಬರುತ್ತದೆ. ಇಲ್ಲಿ ನೀವೇ ಮಾಡುವ ಪರೀಕ್ಷೆ ಯಾವುದೂ ಇಲ್ಲ. ಇನ್ನೊಮ್ಮೆ ಮುಟ್ಟಿ ನೋಡುವುದೂ ಬೇಡ. ಒಣ ಚಪ್ಪಲಿ ಹಾಕಿಕೊಂಡು ಹೋಗಿ ಮನೆಯ ಮೇನ್ ಆಫ್ ಮಾಡಿ, ಮಕ್ಕಳನ್ನೂ ನಾಯಿಯನ್ನೂ ದೂರ ಇಡಿ, ಎಲೆಕ್ಟ್ರಿಷಿಯನ್ ಕರೆಸಿ. ಅರ್ಥಿಂಗ್ ಪರೀಕ್ಷಿಸಿ, ಆ ಲೈನಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ತಾನೇ ಲೈನ್ ಕಡಿಯುವ ಸ್ವಿಚ್) ಹಾಕಲು ಹೇಳಿ. ಹೊರಗಿನ ಕಂಬದ ತಂತಿ ಪೆಟ್ಟಿಗೆಗೆ ತಾಗಿದ್ದರೆ ಬೆಸ್ಕಾಂ ಸಹಾಯವಾಣಿ 1912. ಚಾರ್ಜ್ ಮಾಡುವ ಲಿಥಿಯಂ ಬ್ಯಾಟರಿಯನ್ನು ಈ ಪೆಟ್ಟಿಗೆಯಲ್ಲಿ ಇಡಲೇಬಾರದು ಅಂತ ನನ್ನ ಅಭಿಪ್ರಾಯ. ಬೇಸಿಗೆಯಲ್ಲಿ ತಗಡಿನ ಕೆಳಗೆ ಬಿಸಿ ವಿಪರೀತ. ಉಬ್ಬಿದ ಬ್ಯಾಟರಿ ಕಂಡರೆ ಚಾರ್ಜಿಗೆ ಹಾಕಬೇಡಿ.

ರಿಪೇರಿ ಸಾಕು, ಬಿಚ್ಚಬೇಕು ಅನ್ನುವುದು ಯಾವಾಗ

ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು ನಾಲ್ಕು ಕಾಲು ಮತ್ತು ತಳದ ಅಡ್ಡಪಟ್ಟಿಗಳನ್ನು ಚುಚ್ಚಿ ನೋಡಿ. ಗಟ್ಟಿ ಮರ ತಡೆಯುತ್ತದೆ. ಕಾಲು ಇಂಚು ಸುಲಭವಾಗಿ ಇಳಿದರೆ ಆ ಭಾಗ ಸತ್ತಿದೆ. ಒಂದು ಕಾಲು ಆದರೆ ಬದಲಿಸಬಹುದು. ಎರಡಕ್ಕಿಂತ ಜಾಸ್ತಿ ಆದರೆ ದುಡ್ಡು ಸುರಿಯಬೇಡಿ. ಪದರ ಬಿಟ್ಟ ಪ್ಲೈವುಡ್‌ಗೂ ಚಿಕಿತ್ಸೆ ಇಲ್ಲ. ಹೊಸದಾಗಿ ಮಾಡಿಸುವಾಗ ಅಂಗಡಿಯವರು ಬಾಯಲ್ಲಿ ವಾಟರ್‌ಪ್ರೂಫ್ ಅಂದರೆ ಸಾಲದು, ಹಾಳೆಯ ಮೇಲೆ ಐಎಸ್ 710 ಅನ್ನುವ ಮುದ್ರೆ ನೋಡಿ. ಅದು ಮೆರೀನ್ ಪ್ಲೈ, 72 ಗಂಟೆ ಕುದಿಯುವ ನೀರಿನ ಪರೀಕ್ಷೆ ತಡೆದ ಅಂಟು. ಅದಕ್ಕೂ ಕೊಯ್ದ ಅಂಚುಗಳಿಗೆ ಬಣ್ಣ ಹೊಡೆಯಲೇಬೇಕು.

ಬಿಚ್ಚುವಾಗ ಮೊದಲು ಶೀಟು, ಆಮೇಲೆ ಬಾಗಿಲು, ಕೊನೆಗೆ ಗೋಡೆ. ಕೊಳೆತ ಪೆಟ್ಟಿಗೆಯಲ್ಲಿ ಬಾಗಿಲಿನ ಚೌಕಟ್ಟೇ ಉಳಿದಿದ್ದನ್ನು ಹಿಡಿದುಕೊಂಡಿರಬಹುದು, ಅದನ್ನು ಕೊನೆಯ ತನಕ ಬಿಡಿ. ಗೆದ್ದಲು ಹಿಡಿದ ಮರವನ್ನು ಒಳ್ಳೆ ಮರದ ಜೊತೆ ಒರಗಿಸಬೇಡಿ. ಬಣ್ಣ ಹೊಡೆದ ಪ್ಲೈಯನ್ನು ನೀರೊಲೆಗೆ ಹಾಕಬೇಡಿ, ಆ ಹೊಗೆ ಕೆಟ್ಟದ್ದು. ಹಿಂಜಸ್, ಚಿಲಕ, ಒಳ್ಳೆ ಸ್ಕ್ರೂಗಳನ್ನು ಒಂದು ಡಬ್ಬಿಗೆ ಹಾಕಿ ಎಣ್ಣೆ ಸವರಿಡಿ, ಹೊಸ ಪೆಟ್ಟಿಗೆಗೆ ಬೇಕಾಗುತ್ತವೆ.